ಗೆದ್ದವರ ಡಬ್ಬಿ

ಹನ್ನೊಂದು ವರ್ಷ ಗುಟ್ಟಾಗಿದ್ದ ಸಂಗತಿ ಆ ದಿನ ಬೆಳಗ್ಗೆ ಏಳೂವರೆಗೆ ಪಂಡಿತರ ಅಡುಗೆಮನೆಯಲ್ಲಿ ಬಯಲಾಯಿತು. ಪಂಡಿತರು ಎಂದರೆ ದೊಡ್ಡ ವಿದ್ವಾಂಸರೇನಲ್ಲ, ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಅಂಗಡಿಯ ಬೋರ್ಡು, ಔಷಧಿಯ ಚೀಟಿ, ಬಸ್ಸಿನ ಟಿಕೆಟ್ಟು, ಕಂಡದ್ದರಲ್ಲೆಲ್ಲ ತಪ್ಪು ಹುಡುಕುವ ಅವರ ಚಟಕ್ಕೆ ಜೊತೆಯವರು ಆ ಬಿರುದು ಕೊಟ್ಟಿದ್ದರು. ಅದು ಗೇಲಿ ಎಂಬುದೊಂದು ಮಾತ್ರ ಅವರ ಕಣ್ಣಿಗೆ ಇನ್ನೂ ಬಿದ್ದಿರಲಿಲ್ಲ.

ಗುಟ್ಟು ಇಷ್ಟೇ. ಮಧ್ಯಾಹ್ನದ ಬಿಡುವಿನಲ್ಲಿ ಪಂಡಿತರು ಅಲ್ಲಿಯ ಬೈಂಡರನ ಜೊತೆ ಚದುರಂಗ ಆಡುತ್ತಿದ್ದರು. ಸೋತವನು ಗೆದ್ದವನ ಊಟದ ಡಬ್ಬಿ ತೊಳೆಯಬೇಕು ಎಂದು ಮೊದಲ ದಿನ ಷರತ್ತು ಹಾಕಿದವರು ಪಂಡಿತರೇ. ಬೈಂಡರನಿಗೆ ಸ್ವಲ್ಪ ಬುದ್ಧಿ ಬರಲಿ ಎಂಬ ಉದ್ದೇಶ. ಅಂದಿನಿಂದ ಹನ್ನೊಂದು ವರ್ಷ ಅವರು ಬೈಂಡರನ ಡಬ್ಬಿ ತೊಳೆಯುತ್ತಲೇ ಇದ್ದರು. ಅದನ್ನು ಫಳಫಳ ಮಾಡಿ ಮುಗಿಸುವಷ್ಟರಲ್ಲಿ ಬಿಡುವು ಮುಗಿದು, ಅವರ ಸ್ವಂತ ಡಬ್ಬಿ ಜಿಡ್ಡು ಹಿಡಿದುಕೊಂಡೇ ಮನೆಗೆ ಬರುತ್ತಿತ್ತು. ಅದನ್ನು ತೊಳೆಯುವುದಕ್ಕೆ ಹೆಂಡತಿ ಇದ್ದಳಲ್ಲ. ಮನೆಯಲ್ಲಿ ಪಂಡಿತರು ಉಂಡ ತಟ್ಟೆ ಎತ್ತಿದವರೇ ಅಲ್ಲ. ನೀರಿನಲ್ಲಿ ಕೈ ನೆನೆದರೆ ಬೆರಳು ಮೆತ್ತಗಾಗಿ ಪೆನ್ನು ನಿಲ್ಲುವುದಿಲ್ಲ ಎಂದು ಮದುವೆಯಾದ ಹೊಸತರಲ್ಲೇ ಹೇಳಿ, ಆಕೆಯನ್ನು ನಂಬಿಸಿಯೂ ಬಿಟ್ಟಿದ್ದರು.

ಗುಟ್ಟು ಒಡೆದವಳು ಕೆಳಗಿನ ಮನೆಯಾಕೆ. ಅದೇ ಮುದ್ರಣಾಲಯದಲ್ಲಿ ಕಂಪ್ಯೂಟರಿನ ಮುಂದೆ ಕೂತು ಪುಟ ಜೋಡಿಸುವುದು ಅವಳ ಕೆಲಸ. ಬೆಳಗ್ಗೆ ಮೆಟ್ಟಿಲ ಮೇಲೆ ಸಿಕ್ಕ ಪಂಡಿತರ ಹೆಂಡತಿಗೆ, ನಿಮ್ಮೆಜಮಾನರ ಹಾಗೆ ಡಬ್ಬಿ ತೊಳೆಯುವ ಗಂಡಸನ್ನು ನಾನು ಕಂಡಿಲ್ಲ, ನೀವು ಪುಣ್ಯವಂತರು ಎಂದು ಹೊಗಳಿ, ಕೇಳಿದ್ದಕ್ಕೆಲ್ಲ ವಿವರವಾಗಿ ಉತ್ತರವನ್ನೂ ಕೊಟ್ಟು ಹೋದಳು.

ಪಂಡಿತರ ಹೆಂಡತಿ ಕೂಗಾಡುವ ಜಾತಿಯವಳಲ್ಲ. ಗಂಡನ ಡಬ್ಬಿಗೆ ಊಟ ತುಂಬಿ, ಮುಚ್ಚಳ ಒತ್ತಿ, ಮೆಲ್ಲಗೆ ಕೇಳಿದಳು.

"ಬೈಂಡರನ ಡಬ್ಬಿ ತೊಳೀವಾಗ ಬೆರಳು ಮೆತ್ತಗಾಗಲ್ವಾ?"

ಪಂಡಿತರಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಕೆಮ್ಮಿ ಸುಧಾರಿಸಿಕೊಂಡು, "ಅದು ಆಟ ಕಣೇ. ಆಟ ಅಂದಮೇಲೆ ಸೋಲು ಗೆಲುವು ಇದ್ದದ್ದೇ" ಎಂದರು.

"ಸೋಲು ಗೊತ್ತಾಯ್ತು. ಗೆಲುವು ಯಾವತ್ತಿತ್ತು?"

ಪಂಡಿತರು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ಅವರ ಹಣೆಯಲ್ಲಿ ಬರೆದಿರಲಿಲ್ಲ. ಇವತ್ತು ನೋಡು, ಮೂರು ವಾರದಿಂದ ತಯಾರಿ ಮಾಡಿದ್ದೇನೆ, ಅವನಿಗೆ ನೀರು ಕುಡಿಸುತ್ತೇನೆ ಎಂದು ಕೊಚ್ಚಿಕೊಂಡರು. ಆಕೆ ಅದನ್ನೇ ಹಿಡಿದುಕೊಂಡಳು.

"ಸರಿ. ಇವತ್ತು ಗೆದ್ದು ಬನ್ನಿ, ನಾನು ಈ ಮಾತು ಮತ್ತೆ ಎತ್ತಲ್ಲ. ಸೋತರೆ ಇವತ್ತು ಸಂಜೆಯಿಂದ ಈ ಮನೆ ಪಾತ್ರೆ ಎಲ್ಲಾ ನಿಮ್ಮದು. ದಿನಾ. ಎರಡು ಹೊತ್ತೂ."

ಪಂಡಿತರು ಧಾರಾಳವಾಗಿ ಒಪ್ಪಿದರು. ಒಪ್ಪಲು ಕಾರಣವಿತ್ತು. ಚದುರಂಗದಲ್ಲಿ ಆಟ ಶುರು ಮಾಡುವ ಬಗೆಗಳ ಮೇಲೆ ದಪ್ಪನೆಯ ಪುಸ್ತಕವೊಂದು ಅವರ ಮುದ್ರಣಾಲಯದಲ್ಲೇ ಅಚ್ಚಾಗುತ್ತಿತ್ತು. ಅದರ ಕರಡನ್ನು ಮೂರು ಸಲ ಓದಿ ಇನ್ನೂರ ಹದಿನಾಲ್ಕು ತಪ್ಪು ತೆಗೆದಿದ್ದರು. ಒಂದು ವಾಕ್ಯವೂ ತಲೆಗೆ ಹೋಗಿರಲಿಲ್ಲ, ಅದು ಬೇರೆ ಮಾತು. ಪುಸ್ತಕದಲ್ಲಿ ನಡೆಗಳನ್ನು ಎರಡು ಕಂಬಸಾಲಿನಲ್ಲಿ ಕೊಟ್ಟಿದ್ದರು. ಎಡಗಡೆ ಬಿಳಿಯವನ ನಡೆ, ಬಲಗಡೆ ಅದಕ್ಕೆ ಕರಿಯವನ ಉತ್ತರ. ಕರಡು ತಿದ್ದುವವರು ಇಂಥ ಪಟ್ಟಿಗಳನ್ನು ಅಡ್ಡಡ್ಡ ಓದುವುದಿಲ್ಲ, ಒಂದು ಸಾಲನ್ನು ಮೇಲಿನಿಂದ ಕೆಳಗಿನವರೆಗೆ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾರೆ. ಪಂಡಿತರು ಹಾಗೆಯೇ ಎಡಗಡೆಯ ಸಾಲನ್ನು ಒಂದರಿಂದ ಇಪ್ಪತ್ತರವರೆಗೆ ಮಗ್ಗಿಯಂತೆ ಬಾಯಿಪಾಠ ಮಾಡಿದರು. ಬಲಗಡೆಯದನ್ನು ಬಿಟ್ಟರು. ಅದು ಎದುರಾಳಿಯ ತಲೆನೋವು, ತನಗೇಕೆ ಎಂಬುದು ಅವರ ಲೆಕ್ಕ. ಇಂಥ ತಲೆಗೆ ಹನ್ನೊಂದು ವರ್ಷ ಡಬ್ಬಿ ತೊಳೆಯುವ ಶಿಕ್ಷೆ ಕಡಿಮೆಯೇ ಆಯಿತು.

ಪಂಡಿತರು ಮುದ್ರಣಾಲಯ ಮುಟ್ಟುವಷ್ಟರಲ್ಲಿ ಕೆಳಗಿನ ಮನೆಯಾಕೆ, ಅವರ ಹೆಂಡತಿಯ ಬಾಯಿಂದಲೇ ಕೇಳಿದ ಪಂದ್ಯದ ಸುದ್ದಿಯನ್ನು ಗೇಟಿನಿಂದ ಕತ್ತರಿಸುವ ಯಂತ್ರದವರೆಗೂ ಹಂಚಿಬಿಟ್ಟಿದ್ದಳು. ಎಲ್ಲರ ಬಳಿಯೂ ಪಂಡಿತರಿಗೊಂದು ಸಲಹೆ ಸಿದ್ಧವಿತ್ತು. ಮೆಷಿನ್ ನಡೆಸುವವನು ಮಸಿ ಕೈಯಲ್ಲೇ ಬಂದು, ರಾಜನನ್ನು ಬೇಗ ಮೂಲೆಗೆ ಸೇರಿಸಿಬಿಡಿ ಎಂದ. ಕಾಗದದ ಗೋದಾಮು ನೋಡಿಕೊಳ್ಳುವವನು, ಮೂಲೆಗೆ ಮಾತ್ರ ಸೇರಿಸಬೇಡಿ, ಅಲ್ಲೇ ಉಸಿರುಕಟ್ಟಿ ಸಾಯುವುದು ಎಂದ. ಇಬ್ಬರೂ ಪಂಡಿತರ ಮೇಜಿನ ಮುಂದೆ ನಿಂತು ಅರ್ಧ ಗಂಟೆ ಜಗಳವಾಡಿದರು. ಪಂಡಿತರು ಮಾತ್ರ ತುಟಿ ಅಲ್ಲಾಡಿಸುತ್ತ ತಮ್ಮ ಸಾಲನ್ನು ಒಪ್ಪಿಸಿಕೊಳ್ಳುತ್ತ ಕೂತಿದ್ದರು.

ಎದುರಿಗೆ ಯಾರದೋ ಮದುವೆಯ ಕರೆಯೋಲೆಯ ಕರಡಿತ್ತು. ಬಾಯಲ್ಲಿದ್ದದ್ದು ಕೈಗೆ ಇಳಿಯಿತು. ವರನ ಹೆಸರಿನ ಪಕ್ಕದ ಅಂಚಿನಲ್ಲಿ "ಐದನೆಯದು: ಕುದುರೆ ನಡುವಿನ ಕಾಲಾಳನ್ನು ಹೊಡೆಯುವುದು" ಎಂದು ಮುದ್ದಾಗಿ ಬರೆದು, ಸೇರಿಸಿ ಎಂಬ ಗುರುತನ್ನೂ ಹಾಕಿ ಕಳಿಸಿದರು. ಕೆಳಗಿನ ಮನೆಯಾಕೆ ಪಂಡಿತರು ಬರೆದದ್ದನ್ನು ಪ್ರಶ್ನಿಸಿ ಹಿಂದೆ ಎರಡು ಸಲ ಬೈಸಿಕೊಂಡವಳು. ಈ ಸಲ ಬಾಯಿ ಮುಚ್ಚಿಕೊಂಡು ಸೇರಿಸಿದಳು. ಮಾದರಿ ಪ್ರತಿ ಮಾಲೀಕರ ಮೇಜಿಗೆ ಹೋದದ್ದು ಹನ್ನೆರಡೂವರೆಗೆ. ಒಂದು ಗಂಟೆಗೆ ಊಟದ ಗಂಟೆ ಹೊಡೆದಾಗ ಅವಳು ಮಾಲೀಕರ ಕೋಣೆಯಲ್ಲಿ ಬಾಗಿಲು ಹಾಕಿಸಿಕೊಂಡು ಬೈಸಿಕೊಳ್ಳುತ್ತಿದ್ದಳು.

ಬೈಂಡರ ಪುಸ್ತಕದ ಕಟ್ಟುಗಳನ್ನು ಸರಿಸಿ ಮಣೆ ಹಾಕಿದ. ಅವನು ಆಟಕ್ಕೆ ಯಾವ ತಯಾರಿಯನ್ನೂ ಮಾಡುವವನಲ್ಲ. ಕಾಯಿಗಳನ್ನು ಗೋಂದು ಅಂಟಿದ ಬೆರಳಲ್ಲೇ ಎತ್ತಿಡುತ್ತಿದ್ದ, ಅರ್ಧ ಗಮನ ಮೆಷಿನ್ನಿನವನ ಜೊತೆಗಿನ ಹರಟೆಯ ಮೇಲೇ ಇರುತ್ತಿತ್ತು.

"ಪಂಡಿತ್ರೇ, ಡಬ್ಬೀಲಿ ಇವತ್ತು ಎಣ್ಣೆ ಸ್ವಲ್ಪ ಜಾಸ್ತಿ ಇದೆ. ಬಿಸಿನೀರು ಸಿಗುತ್ತಾ ಮೊದಲೇ ನೋಡಿಕೊಂಡುಬಿಡಿ" ಎಂದ.

ಸುತ್ತ ನಿಂತವರು ನಕ್ಕರು. ಪಂಡಿತರು ನಗಲಿಲ್ಲ. ನಡೆಗಳನ್ನು ಬರೆದಿಡಲು ಕರಡಿನ ಹಿಂಬದಿಯ ಹಾಳೆ ತೆಗೆದುಕೊಂಡರು. ಗೆಲುವಿಗೆ ದಾಖಲೆ ಬೇಡವೇ.

ಬಿಳಿ ಪಂಡಿತರದು. ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ ಹೋಯಿತು, ಕುದುರೆ ಹಾರಿತು, ಒಂಟೆ ಓರೆಯಾಗಿ ಹೊರಬಂತು. ಎಲ್ಲ ಸಾಲಿನ ಪ್ರಕಾರ. ಬೈಂಡರ ಮೂರನೆಯ ನಡೆಗೆ ತನ್ನ ಒಂಟೆಯನ್ನು ತಂದು ಪಂಡಿತರ ಕುದುರೆಯ ಎದುರಿಗಿಟ್ಟ. ಆ ಕುದುರೆಯ ಬೆನ್ನ ಹಿಂದೆ, ಒಂಟೆಯ ಅದೇ ಓರೆ ದಾರಿಯಲ್ಲಿ, ಪಂಡಿತರ ಮಂತ್ರಿ ನಿಂತಿದ್ದ. ಕುದುರೆ ಕದಲಿದರೆ ಮಂತ್ರಿ ಹೋದಂತೆ. ಬಲಗಡೆಯ ಸಾಲನ್ನು ಓದಿದವನಿಗೆ ಅದು ಕಾಣುತ್ತಿತ್ತು. ಪಂಡಿತರು ನಾಲ್ಕನೆಯದಾಗಿ ಇನ್ನೊಂದು ಕುದುರೆಯನ್ನು ಹೊರತಂದು, ಅದಕ್ಕೆ ಬೈಂಡರ ತನ್ನ ಅಂಚಿನ ಕಾಲಾಳೊಂದನ್ನು ಸುಮ್ಮನೆ ಒಂದು ಮನೆ ತಳ್ಳಿದ ಮೇಲೆ, ಐದನೆಯದಾಗಿ ಮೊದಲ ಕುದುರೆಯನ್ನು ಎತ್ತಿಯೇ ಬಿಟ್ಟರು.

ಎತ್ತಿದ ಮೇಲೆ ಕಣ್ಣಿಗೆ ಬಿತ್ತು. ಕುದುರೆ ಗಾಳಿಯಲ್ಲೇ ನಿಂತಿತು.

"ಮುಟ್ಟಿದ ಕಾಯಿ ನಡೆಸಬೇಕು. ರೂಲು ನಿಮ್ಮದೇ" ಎಂದ ಬೈಂಡರ.

ರೂಲು ಅವರದೇ. ಅದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದವರೂ ಅವರೇ. ನಡುವಿನ ಕಾಲಾಳನ್ನು ಹೊಡೆದು ಕುದುರೆ ಕೂತಿತು. ಬೈಂಡರ ನಗುತ್ತ ಮಂತ್ರಿಯನ್ನು ಎತ್ತಿ ಗೋಂದಿನ ಡಬ್ಬದ ಪಕ್ಕ ನಿಲ್ಲಿಸಿದ. ಪಂಡಿತರು ಹಾಳೆಯ ಮೇಲೆ "ಐದು: ಮಂತ್ರಿ ಹೋಯಿತು" ಎಂದು ಬರೆದು ಪೆನ್ನಿಗೆ ಮುಚ್ಚಳ ಹಾಕಿದರು. ಕಣ್ಣ ಮುಂದೆ ಮನೆಯ ಕುಕ್ಕರು, ಬಾಣಲೆ, ತಳ ಹಿಡಿದ ಹಾಲಿನ ಪಾತ್ರೆ ಸಾಲಾಗಿ ಬಂದು ನಿಂತವು. ಅಳು ಬರುವುದೊಂದು ಬಾಕಿ.

ಇನ್ನು ಸಾಲೂ ಇಲ್ಲ, ಪುಸ್ತಕವೂ ಇಲ್ಲ. ಸೋಲುವುದು ಹೇಗೂ ಸೋಲುತ್ತೇನೆ, ಹೋಗುವಾಗ ಈ ಪುಣ್ಯಾತ್ಮನಿಗೆ ಒಂದು ಚೆಕ್ ಆದರೂ ಕೊಟ್ಟು ಹೋಗುತ್ತೇನೆ ಎಂಬ ಹೊಟ್ಟೆಯುರಿಯಲ್ಲಿ ಒಂಟೆಯನ್ನು ತೆಗೆದುಕೊಂಡು ಹೋಗಿ ಕರಿ ರಾಜನ ಪಕ್ಕದ ಕಾಲಾಳಿನ ಮೇಲೆ ಕುಕ್ಕಿದರು. ಬೈಂಡರ ಮೆಷಿನ್ನಿನವನ ಕಡೆ ತಿರುಗಿ ಮಾತಾಡುತ್ತಲೇ ರಾಜನನ್ನು ಒಂದು ಮನೆ ಮುಂದಿಟ್ಟ. ಸಿಟ್ಟು ಇಳಿಯದೆ ಪಂಡಿತರು ಎರಡನೆಯ ಕುದುರೆಯಿಂದ ಇನ್ನೊಂದು ಚೆಕ್ ಕೊಟ್ಟರು. ಕೊಟ್ಟವರೇ ಎದ್ದು ಬೈಂಡರನ ಡಬ್ಬಿಗೆ ಕೈ ಹಾಕಿದರು.

"ಇರಿ ಪಂಡಿತ್ರೇ" ಎಂದ ಮೆಷಿನ್ನಿನವನು. ಅವನು ಮಣೆಯನ್ನೇ ನೋಡುತ್ತಿದ್ದ. "ಇವನ ರಾಜ ಎಲ್ಲಿಗೆ ಹೋಗ್ತಾನೆ?"

ಎಲ್ಲರೂ ಬಗ್ಗಿದರು. ಹಿಂದಕ್ಕೂ ಮುಂದಕ್ಕೂ ಒಂಟೆಯ ಕಾವಲು, ಎಡಕ್ಕೂ ಬಲಕ್ಕೂ ಕುದುರೆಗಳ ಕಾವಲು, ಉಳಿದ ಮನೆಗಳಲ್ಲಿ ರಾಜನ ಸ್ವಂತದವರೇ ಅಲ್ಲಾಡದೆ ಕೂತಿದ್ದರು. ಹತ್ತು ನಿಮಿಷ ಬೆರಳಿಟ್ಟು ಬೆರಳಿಟ್ಟು ನೋಡಿದರು. ಆಟ ಮುಗಿದಿತ್ತು. ಪಂಡಿತರು ಗೆದ್ದಿದ್ದರು. ಗೆದ್ದದ್ದು ಅವರಿಗೆ ತಿಳಿದದ್ದು ಎಲ್ಲರಿಗಿಂತ ಕೊನೆಗೆ. ತಿಳಿದ ಮೇಲೆ ಮಾತ್ರ ತಡ ಮಾಡಲಿಲ್ಲ. ಮಂತ್ರಿಯನ್ನು ಬೇಕೆಂದೇ ಕೊಟ್ಟೆ, ಇದೆಲ್ಲ ಮೂರು ವಾರದ ತಯಾರಿ, ನಿಮಗೆ ಹೇಳಿದರೆ ಅರ್ಥವಾಗುವುದಿಲ್ಲ ಎಂದು ಕಾಲಮೇಲೆ ಕಾಲು ಹಾಕಿ ಕೂತರು.

ಬೈಂಡರ ಮಾತಿಗೆ ತಪ್ಪುವವನಲ್ಲ. ಪಂಡಿತರ ಡಬ್ಬಿ ಎತ್ತಿಕೊಂಡು ಹಿತ್ತಲ ನಲ್ಲಿಗೆ ಹೋದ. ಪಂಡಿತರು ಹಿಂದೆಯೇ ಹೋದರು, ಹನ್ನೊಂದು ವರ್ಷದಿಂದ ಕಾದ ದೃಶ್ಯವನ್ನು ಕಣ್ತುಂಬ ನೋಡಬೇಕಲ್ಲ. ಬೈಂಡರ ಡಬ್ಬಿಗೆ ನೀರು ಹಿಡಿದು, ಒಂದು ಸಲ ಕುಲುಕಿ, ಚೆಲ್ಲಿ, ಆಯಿತು ಎಂದ. ಪಂಡಿತರು ಡಬ್ಬಿಯನ್ನು ಬೆಳಕಿಗೆ ಹಿಡಿದರು. ಮುಚ್ಚಳದ ಅಂಚಿನಲ್ಲಿ ಜಿಡ್ಡಿದೆ ಎಂದರು. ಬೈಂಡರ ಮತ್ತೊಮ್ಮೆ ಉಜ್ಜಿದ. ಕೊಕ್ಕೆಯ ಕೆಳಗೆ ಬಿಟ್ಟಿದ್ದೀಯ ಎಂದರು. ಮೂರನೆಯ ಸಲ ಉಜ್ಜಿದ. ತಳದ ಸುತ್ತು ನೋಡು ಎಂದರು.

"ನನಗೆ ಅಭ್ಯಾಸ ಇಲ್ವಲ್ಲ ಪಂಡಿತ್ರೇ" ಎಂದ ಬೈಂಡರ, ಬಹಳ ವಿನಯದಿಂದ. "ನಿಮ್ಮ ಹಾಗೆ ತೊಳೆಯೋಕೆ ನಮಗೆಲ್ಲಿ ಬರಬೇಕು. ಒಂದ್ಸಲ ತೋರಿಸಿಬಿಡಿ."

ಹೊಗಳಿಕೆ ಕಿವಿಗೆ ಬಿದ್ದರೆ ಪಂಡಿತರು ಮುಗಿದರು. ತೋಳು ಮಡಚಿ, ಡಬ್ಬಿ ಕಿತ್ತುಕೊಂಡು, ಮೊದಲು ಅಂಚು, ಆಮೇಲೆ ಮೂಲೆ, ಕಡೆಗೆ ತಳ ಎಂದು ಪಾಠ ಹೇಳುತ್ತ ತೊಳೆದರು. ಬೈಂಡರ ಕೈಕಟ್ಟಿ ತಲೆದೂಗಿದ. ಎಣ್ಣೆ ಜಾಸ್ತಿ ಇದ್ದರೆ ಹೇಗೆ ಎಂದು ಸಂಶಯ ಕೇಳಿ, ತನ್ನ ಡಬ್ಬಿಯನ್ನೂ ಮುಂದಿಟ್ಟ. ಪಂಡಿತರು ಅದನ್ನೂ ತೊಳೆದು ತೋರಿಸಿದರು. ಮಾಲೀಕರ ಕೋಣೆಯಿಂದ ಮುಖ ಕೆಂಪಗೆ ಮಾಡಿಕೊಂಡು ಹೊರಬಂದ ಕೆಳಗಿನ ಮನೆಯಾಕೆ ಕಿಟಕಿಯಿಂದ ಕಂಡದ್ದು ಇದನ್ನೇ: ಎರಡು ಕೈಯಲ್ಲಿ ಎರಡು ಡಬ್ಬಿ, ಮೊಣಕೈವರೆಗೆ ನೊರೆ. ಅವಳು ಬೇರೇನೂ ವಿಚಾರಿಸಲಿಲ್ಲ. ತಲೆನೋವೆಂದು ರಜೆ ಬರೆದುಕೊಟ್ಟು, ಕಂಡ ಸುದ್ದಿಯನ್ನು ಹೊತ್ತುಕೊಂಡು ಮೂರು ಗಂಟೆಗೇ ಮನೆಗೆ ಹೊರಟುಹೋದಳು.

ಸಂಜೆ ಆರಕ್ಕೆ ಪಂಡಿತರು ಎದೆ ಉಬ್ಬಿಸಿಕೊಂಡು ಮೆಟ್ಟಿಲು ಹತ್ತಿ, ಚಪ್ಪಲಿ ಬಿಡುವ ಮೊದಲೇ, ಗೆದ್ದೆ ಎಂದು ಸಾರಿದರು. ಹೆಂಡತಿ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಅವಳ ಮುಖ ಕಾಣುತ್ತಿತ್ತು. ಹನ್ನೊಂದು ವರ್ಷದಲ್ಲಿ ಆ ಡಬ್ಬಿ ಹೀಗೆ ಮನೆಗೆ ಬಂದದ್ದೇ ಇಲ್ಲ.

"ಇದನ್ನ ಯಾರು ತೊಳೆದದ್ದು?"

"ಬೈಂಡರ" ಎಂದರು ಪಂಡಿತರು. ಕೆಳಗಿನ ಮನೆಯ ಕಡೆ ಅವಳ ಕಣ್ಣು ಹೋದದ್ದನ್ನು ಕಂಡು, "ಅಂದರೆ ಮೊದಲು ಅವನು ತೊಳೆದ. ಅದು ಸರಿ ಬರಲಿಲ್ಲ. ಆಮೇಲೆ ನಾನೇ ತೊಳೆದೆ" ಎಂದು ತಿದ್ದಿದರು.

"ಅವನ ಡಬ್ಬಿ?"

"ಅದನ್ನೂ" ಎಂದು ಸತ್ಯ ನುಡಿದರು ಪಂಡಿತರು. "ಆದರೆ ಗೆದ್ದದ್ದು ನಾನು ಕಣೇ. ಬೇಕಾದರೆ ಮೆಷಿನ್ನಿನವನನ್ನ ಕೇಳು."

ನಿಮ್ಮ ಜೊತೆಯವರು ನಿಮ್ಮ ಪರವಾಗಿ ಹೇಳದೆ ಇನ್ನೇನು ಹೇಳುತ್ತಾರೆ ಎಂದಳು ಆಕೆ. ಆಗ ಪಂಡಿತರಿಗೆ ದಾಖಲೆಯ ನೆನಪಾಯಿತು. ಜೇಬಿನಿಂದ ಹಾಳೆ ತೆಗೆದು ವಿಜಯಪತ್ರದಂತೆ ಆಕೆಯ ಕೈಗಿತ್ತರು. ಆಕೆ ಅದನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲಾಗಿ ಓದಿದಳು. ಓದಲು ಹೆಚ್ಚಿರಲಿಲ್ಲ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಗಂಡನ ಮುಖಕ್ಕೆ ಹಿಡಿದಳು.

"ನಮ್ಮ ಅಣ್ಣಂದಿರು ಆಡೋದನ್ನ ನಾನೂ ನೋಡಿದೀನಿ ರೀ. ಐದನೇ ನಡೆಗೇ ಮಂತ್ರಿ ಕಳಕೊಂಡು, ಅಲ್ಲಿಗೇ ಬರೆಯೋದನ್ನ ನಿಲ್ಲಿಸಿ, ಎರಡೆರಡು ಡಬ್ಬಿ ತೊಳೆದು ಬಂದಿದೀರಿ. ಇದಕ್ಕೆ ನೀವು ಗೆಲುವು ಅಂತೀರಿ."

ಅಕ್ಷರ ಅವರದೇ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಆರೂವರೆಗೆ ಪಂಡಿತರು ತೋಳು ಮಡಚಿ ಅಡುಗೆಮನೆಯ ನಲ್ಲಿಯ ಮುಂದೆ ನಿಂತರು. ಹೆಂಡತಿ ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಿದ್ದಳು. ಪಂಡಿತರು ಕುಕ್ಕರಿನ ಮುಚ್ಚಳ ತೊಳೆದು ಕವುಚಿಡುವಾಗ ಆಕೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಂಚಿನಲ್ಲಿ ಉಳಿದಿದ್ದ ಜಿಡ್ಡು ಪಂಡಿತರ ಕಣ್ಣಿಗೇ ಬಿತ್ತು. ಅವರು ಮುಚ್ಚಳವನ್ನು ಮತ್ತೆ ನೀರಿಗೆ ಹಿಡಿದರು.