ಬೂದುಗುಂಬಳದಲ್ಲಿ ಅಮೆರಿಕದ ಚಾಕು

ಆಯುಧ ಪೂಜೆಯ ದಿನ ಬೆಳಿಗ್ಗೆ, ಪೂಜೆಗೆ ಸ್ವಲ್ಪ ಮೊದಲು, ಪೆರಿಯನಾಯಕನಪಾಳ್ಯದ ನನ್ನ ಪಂಪ್ ವರ್ಕ್‌ಶಾಪಿನಲ್ಲಿ, ಪಾಲಿಶ್ ಚಕ್ರದ ಎಡಗಡೆ, ಕಿಟಕಿಗೆ ಬೆನ್ನು ಮಾಡಿ ನಾನು ನಿಂತಿದ್ದೆ. ಇದನ್ನು ಯಾರೂ ಅಲ್ಲಗಳೆದಿಲ್ಲ. ಬಲಗೈಯಲ್ಲಿ ಮಾವನ ಅಮೆರಿಕದ ಚಾಕು ಇತ್ತು. ಅದೂ ನಿಜ.

ಅದು ಬೇಟೆಗಾರರ ಮಡಚುವ ಚಾಕು. ಹಿಡಿಗೆ ಜಿಂಕೆಕೊಂಬಿನ ಹಾಗೆ ಗೀರು ಕೊರೆದ ಮೂಳೆ. ಮಾವ ಸಿಂಗಾನಲ್ಲೂರಿನ ಮಿಲ್ಲಿನಲ್ಲಿದ್ದಾಗ ಮಗ್ಗ ಜೋಡಿಸಲು ಬಂದ ಅಮೆರಿಕದವನೊಬ್ಬ ಅವರ ಮನೆಯಲ್ಲಿ ಉಂಡು, ತನ್ನ ತಾತನ ಚಾಕುವನ್ನು ಕೊಟ್ಟುಹೋಗಿದ್ದ. ಮಾವ ಅದರಿಂದ ಒಂದು ಬಾಳೆಹಣ್ಣನ್ನೂ ಕೊಯ್ದವರಲ್ಲ.

ಹಳೆಯ ಚಾಕುಗಳನ್ನು ಕೂಡಿಡುವ ಪೊಳ್ಳಾಚಿಯ ಡಾಕ್ಟರು ರಂಗರಾಜು ಅದನ್ನು ನೋಡಲು ಆ ಸಂಜೆ ಮಾವನ ಮನೆಗೆ ಬರುವವರಿದ್ದರು. ಅವರು ಒಪ್ಪಿದರೆ, ಅವರ ಚಾಕು ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿ ಈ ಚಾಕು, ಕೆಳಗೆ ಮಾವನ ಹೆಸರು. ಮಾವನ ಹೆಸರು ಅದಕ್ಕೆ ಮೊದಲು ಅಚ್ಚಾಗಿದ್ದು ನಮ್ಮ ಮದುವೆಯ ಪತ್ರಿಕೆಯಲ್ಲಿ. ಅದನ್ನು ಅವರು ಸಂತೋಷದಿಂದ ನೆನೆಯುವುದಿಲ್ಲ.

"ಮಾಪ್ಳೆ, ಕೀಲ್ಗೆ ಒಂದ್ ತೊಟ್ಟು ಎಣ್ಣೆ ಬಿಟ್ಟು ತನ್ನಿ. ವೇರೆ ಒಂದೂ ಬೇಡ," ಎಂದು ಹಿಂದಿನ ದಿನ ಅಳಿಯನಾದ ನನ್ನ ಕೈಗೆ ಕೊಟ್ಟಿದ್ದರು.

ಆದರೆ ಆಯುಧ ಪೂಜೆಯಲ್ಲಿ ಕಬ್ಬಿಣ ಮಸುಕಾಗಿ ದೇವರ ಮುಂದೆ ಕೂರುವಂತಿಲ್ಲ. ಚಾಕುವಿನ ಅಲಗೋ ಕಪ್ಪು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಇನ್ನೂ ಕಪ್ಪಾಯಿತು. ಆದ್ದರಿಂದ ಪಾಲಿಶ್ ಚಕ್ರ. ಅಲಗು ಕನ್ನಡಿಯಾಯಿತು. ಬುಡದಲ್ಲಿ ಏನೋ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಅವೂ ಸ್ವಚ್ಛವಾಗಿ ಹೋದವು.

ನನ್ನ ಹೆಂಡತಿ ಸರೋಜ ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಪ್ಪ ಎಣ್ಣೆ ತಾನೆ ಹೇಳಿದ್ದು?"

"ನಿಮ್ಮಪ್ಪಗೆ ಮಗ್ಗ ಗೊತ್ತು. ಕಬ್ಬಿಣ ನನಗೆ ಗೊತ್ತು," ಎಂದೆ. ಹೀಗೆ ಹೇಳಿದ್ದೂ ನಿಜ.

ಚಾಕುವನ್ನು ಬಿಡಿಸಿ, ಗಂಧ ಬಳಿದು, ಕುಂಕುಮವಿಟ್ಟು ಸ್ಪ್ಯಾನರುಗಳ ನಡುವೆ ಕೂರಿಸಿದೆ. ಅತಿಥಿಯೆಂದು ಧಾರಾಳವಾಗಿಯೇ ಬಳಿದೆ. ಮಂಗಳಾರತಿಯಾದ ಮೇಲೆ ಮಡಚಹೋದರೆ ಮಡಚಲಿಲ್ಲ. ಗಂಧ ಅಲಗಿನ ಸಂದಿಗಿಳಿದು ಸಿಮೆಂಟಾಗಿತ್ತು. ಇಕ್ಕಳಕ್ಕೆ ಕೈ ಚಾಚಿದೆ.

"ಏನ್ರಿ, ಪೂಜೆಗೆ ಇಟ್ಟಿದ್ದನ್ನ ನಾಳೆವರೆಗೂ ಮುಟ್ಟಕೂಡದು."

"ಮತ್ತೆ ಚಾಕು?"

"ಅದು ಅಮೆರಿಕದ್ದು. ಪರವಾಗಿಲ್ಲ."

ಇಕ್ಕಳ, ಸುತ್ತಿಗೆ, ನನ್ನ ಬೈಕು, ಎಲ್ಲವೂ ರಜೆಯಲ್ಲಿದ್ದವು. ಮಾವನ ಮನೆಗೆ ಬಸ್ಸೇ ಗತಿ. ಬಿಚ್ಚಿದ ಚಾಕು ಹಿಡಿದು ಬಸ್ಸು ಹತ್ತುವಂತಿಲ್ಲ. ಹಾಗಾಗಿ, ದೃಷ್ಟಿ ತೆಗೆಯಲು ತಂದು ಮಿಕ್ಕಿದ್ದ ಒಂದು ಬೂದುಗುಂಬಳಕ್ಕೆ ಅಲಗನ್ನು ಪೂರ್ತಿ ಚುಚ್ಚಿದೆ. ಸುರಕ್ಷತೆಗಾಗಿ. ಕುಂಕುಮ ಮೆತ್ತಿದ ಹಿಡಿ ಮಾತ್ರ ಮೇಲೆ ಕಾಣುತ್ತಿತ್ತು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಹತ್ತಿದ ಮೇಲೆ ಬೇಕಾದಷ್ಟು ಜಾಗವಾಯಿತು. ಕಂಡಕ್ಟರು ದೂರದಿಂದಲೇ ತಮಿಳಿನಲ್ಲಿ ಕೇಳಿದ, "ಅಣ್ಣಾ, ಇದು ಯಾರುಕ್ಕುಂಗಣ್ಣಾ?"

ಯಾರಿಗೆ ಎಂದರೆ, ಇದ್ದದ್ದನ್ನೇ ಹೇಳಿದೆ. "ಮಾಮನಾರುಕ್ಕು." ಮಾವನಿಗೆ.

ಮುಂದಿನ ಸೀಟಿನ ಅಜ್ಜಿ "ಅಯ್ಯೋ ಪಾವಂ" ಎಂದು ಕಣ್ಣು ಮುಚ್ಚಿದರು. ಆಗಲೇ ನನಗೆ ಗೊತ್ತಾದದ್ದು, ನನ್ನನ್ನು ಮಾಟ ಮಾಡಿಸಿಕೊಂಡು ಬರುವವನೆಂದು ಬಸ್ಸು ತೀರ್ಮಾನಿಸಿದೆ ಎಂದು. ಒಬ್ಬ ಮಾತ್ರ ಪಕ್ಕಕ್ಕೆ ಬಂದು ಕೂತು, ಎಲ್ಲಿ ಮಾಡಿಸಿದಿರಿ, ಫಲ ಕೊಡುತ್ತದೆಯೇ, ತನಗೂ ಒಬ್ಬ ಮಾವ ಇದ್ದಾನೆ ಎಂದು ಮೆಲ್ಲಗೆ ವಿಚಾರಿಸಿದ.

ಅವನಿಂದ ತಪ್ಪಿಸಿಕೊಳ್ಳಲು ಫೋನು ತೆಗೆದು ಇಂಥ ಚಾಕುಗಳ ಚರಿತ್ರೆ ಓದಿದೆ. ಅಮೆರಿಕದ ರೈತರೂ ಬೇಟೆಗಾರರೂ ಇವನ್ನು ಜೇಬಿನಲ್ಲಿಟ್ಟು ತಿರುಗುತ್ತಿದ್ದರಂತೆ. ಸಂಗ್ರಾಹಕರು ಮೊದಲು ನೋಡುವುದು ಅಲಗಿನ ಬುಡದ ಅಚ್ಚು. ತಯಾರಕರೂ ಕಾಲವೂ ತಿಳಿಯುವುದು ಅದರಿಂದಲೇ. ಆಮೇಲೆ ವಯಸ್ಸಿನಿಂದ ಬಂದ ಕಪ್ಪು. ಆಮೇಲೆ ಅಲಗು ಟಕ್ಕೆಂದು ಮಡಚುವ ಸದ್ದು. ಚಕ್ರಕ್ಕೆ ಹಿಡಿಯುವುದು ಮಹಾಪಾಪ. ಗಂಧದ ವಿಷಯ ಬರೆದಿರಲಿಲ್ಲ. ಅದು ಅವರಿಗೂ ಹೊಳೆದಿರಲಾರದು.

ಸಿಂಗಾನಲ್ಲೂರಿನ ಮಾವನ ಮನೆಯಲ್ಲಿ ಡಾಕ್ಟರು ಕುಂಬಳದಿಂದ ಚಾಕುವನ್ನು ಎಳೆದರು. ಬುಡವನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು, ವಾರ್ಡಿನ ಹೊರಗೆ ನಿಂತ ಸಂಬಂಧಿಕರಿಗೆ ಹೇಳುವ ಹಾಗೆ, ಮಾವನ ಭುಜದ ಮೇಲೆ ಕೈಯಿಟ್ಟರು.

"ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ."

ಮಾವ ನನ್ನನ್ನು ನೋಡಲಿಲ್ಲ. ಕಾಫಿ ಕುಡಿದು ಮುಗಿಸಿದರು. ಆಮೇಲೆ ಲೋಟ ಕೆಳಗಿಟ್ಟರು.

"ಡಾಕ್ಟ್ರೆ, ಪೆಟ್ಟಿಗೇಲಿ ಇಡಿ. ನನ್ ಹೆಸ್ರು ಬೇಡ. ಮಾಪ್ಳೆ ಹೆಸ್ರು ಹಾಕಿ."

ಡಾಕ್ಟರು ಒಪ್ಪಿದರು. ಪ್ರದರ್ಶನದಲ್ಲಿ ಜನ ಹೆಚ್ಚು ಮುತ್ತಿದ್ದು ಆ ಪೆಟ್ಟಿಗೆಯನ್ನೇ. "ಹಳೆಯ ಚಾಕುವನ್ನು ಹೀಗೆ ಮಾಡಬಾರದು" ಎಂಬ ಚೀಟಿ, ಕೆಳಗೆ ದಪ್ಪ ಅಕ್ಷರದಲ್ಲಿ ನಾನು.

ಇದನ್ನು ಕಣ್ಣಾರೆ ಕಂಡವರಲ್ಲಿ ಸರೋಜ ಇದ್ದಾಳೆ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಾಳೆ. ಡಾಕ್ಟರು ರಂಗರಾಜು ಇದ್ದಾರೆ. ಕಂಡಕ್ಟರು ಇದ್ದಾನೆ, ಈಗಲೂ ನನ್ನನ್ನು ಕಂಡರೆ ಬಸ್ಸು ನಿಲ್ಲಿಸುವುದಿಲ್ಲ. ಮಾವ ಗಟ್ಟಿಮುಟ್ಟಾಗಿದ್ದಾರೆ. ನನ್ನನ್ನು ಮಾತ್ರ ಅವರು ಮನೆಯವರ ಲೆಕ್ಕಕ್ಕೆ ಸೇರಿಸುವುದಿಲ್ಲ.