ಷಡಕ್ಷರಪ್ಪನವರು ಪಾಸಾದರು

ಇಷ್ಟಕ್ಕೆಲ್ಲ ಕಾರಣ ಹಾಸನದ ಹೆಡ್ಡಾಫೀಸಿನಿಂದ ಬಂದ ಒಂದು ಸುತ್ತೋಲೆ. ತೆಂಗು ಬೆಳೆಗಾರರ ಸೊಸೈಟಿಯ ಗುಮಾಸ್ತರೆಲ್ಲ ಹೊಸ ಲೆಕ್ಕದ ಸಾಫ್ಟ್‌ವೇರಿನ ಸರ್ಟಿಫಿಕೇಟ್ ಪರೀಕ್ಷೆ ಪಾಸಾಗತಕ್ಕದ್ದು, ಫೇಲಾದವರನ್ನು ಗೆಂಡೆಹಳ್ಳಿ ಶಾಖೆಗೆ ವರ್ಗ ಮಾಡಲಾಗುವುದು ಎಂದು ಅದರಲ್ಲಿತ್ತು. ಅದನ್ನು ಬರೆದವನ ಕೈ ಸೇದಿಹೋಗಲಿ ಎಂದು ಷಡಕ್ಷರಪ್ಪನವರು ಮೂರು ತಿಂಗಳಿಂದ ಶಪಿಸುತ್ತಿದ್ದರು. ಹದಿನೈದು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಅರಸೀಕೆರೆಯಲ್ಲಿ ಮನೆ ಕಟ್ಟಿಸಿ ಮೊನ್ನೆ ಮೊನ್ನೆ ಗೃಹಪ್ರವೇಶ ಮಾಡಿದ್ದಾರೆ. ಗೋಡೆಯ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಅದನ್ನು ಬಿಟ್ಟು ಗೆಂಡೆಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು ತಾವೇ ಅನ್ನ ಬೇಯಿಸಿಕೊಳ್ಳಬೇಕೆ?

ಹಾಗಾಗಿ ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಮಗಳ ವಾರಗೆಯ ಹುಡುಗಿಯರ ಪಕ್ಕ ಕೂತು ಹಲ್ಲು ಕಚ್ಚಿಕೊಂಡು ಕಂಪ್ಯೂಟರ್ ಕಲಿತರು. ಮೊದಮೊದಲು ಪರದೆಯ ಮೇಲಿನ ಬಾಣ ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡಾಡುತ್ತಿತ್ತು. ಆಮೇಲೆ ಮಾತು ಕೇಳತೊಡಗಿತು.

ಪರೀಕ್ಷೆಯ ದಿನ ಕಂಪ್ಯೂಟರ್ ಸೆಂಟರಿನ ಮೆಟ್ಟಿಲಿಗೇ ಸಹೋದ್ಯೋಗಿ ತಿಮ್ಮೇಶ ಅಡ್ಡ ನಿಂತಿದ್ದ. ತಿಮ್ಮೇಶನೂ ಸೇರಿ ಉಳಿದ ಐದು ಜನ ಗುಮಾಸ್ತರೂ ಬಾಣಾವರದವರೇ. ದಿನಾ ಒಂದೇ ರೈಲಿನಲ್ಲಿ ಹರಟುತ್ತ ಅರಸೀಕೆರೆಯ ಆಫೀಸಿಗೆ ಬರುವವರು.

"ಸಾರ್, ಒಂದು ಮಾತೈತೆ. ಈಗ ರೈಲ್ನಾಗೆ ನಾವೆಲ್ಲ ಸೇರಿ..."

"ನಿಮ್ಮ ರೈಲಿಗೆ ಬೆಂಕಿ ಬೀಳ! ಪರೀಕ್ಷೆ ಹೊತ್ನಲ್ಲಿ ಹರಟೆ ಬೇರೆ ಕೇಡು. ದಾರಿ ಬಿಡಯ್ಯ!"

ಮೂರು ತಿಂಗಳು ಕೊಬ್ಬರಿ ಮೆಲ್ಲುತ್ತಾ ಕಾಲ ಕಳೆದವರು ಈಗ ಉತ್ತರ ಕೇಳಲು ಬರುತ್ತಾರೆ! ಷಡಕ್ಷರಪ್ಪನವರ ರಕ್ತ ಕುದಿಯಿತು.

ಒಳಗೆ ಪಕ್ಕದ ಕಂಪ್ಯೂಟರಿನಲ್ಲಿ ಆ ಐವರಲ್ಲೊಬ್ಬಳಾದ ಹೇಮಲತಾ ಕೂತಿದ್ದಳು. ಹತ್ತನೇ ಪ್ರಶ್ನೆಗೆ ಬರುವಷ್ಟರಲ್ಲಿ "ಸಾರ್, ಸಾರ್" ಎಂದು ಪಿಸುಗುಟ್ಟಿದಳು.

"ನೋಡ್ರೀ, ಈಯಮ್ಮನ್ನ ಬೇರೆ ಕಡೆ ಕೂರ್ಸಿ!" ಎಂದು ಮೇಲ್ವಿಚಾರಕನಿಗೆ ಗುಡುಗಿದರು. ಅವಳು ಎದ್ದು ಹೋಗುವಾಗ ಒಂದು ಚೀಟಿಯನ್ನು ಅವರ ಮುಂದೆ ಬೀಳಿಸಿದಳು. ಓದಲೂ ಇಲ್ಲ ಮಹಾನುಭಾವ. ಚೂರುಚೂರು ಮಾಡಿ ಕಿಟಕಿಯಾಚೆ ಎಸೆದರು. ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರ್ ಹಾಕುವವರೆಗೆ ಮೇಲ್ವಿಚಾರಕನ ಪ್ರಾಣ ತಿಂದರು.

ಕೊನೆಯ ಗುಂಡಿ ಒತ್ತಿದೊಡನೆ ಪರದೆಯ ಮೇಲೆ ಫಲಿತಾಂಶ ಬಂತು. ಷಡಕ್ಷರಪ್ಪನವರಿಗೆ ನೂರಕ್ಕೆ ತೊಂಬತ್ತೊಂದು. ಉಳಿದವರಲ್ಲಿ ಹದಿನಾಲ್ಕು ದಾಟಿದವರಿಲ್ಲ. ಆದರೂ ಐವರೂ ಮದುವೆ ಊಟ ಮುಗಿಸಿದವರಂತೆ ಹಾಯಾಗಿದ್ದರು.

"ನಗ್ರಯ್ಯಾ ನಗ್ರಿ, ಸೋಮವಾರ ಗೆಂಡೆಹಳ್ಳಿ ಬಸ್ ಹತ್ತೋವಾಗ ನೋಡ್ತೀನಿ!" ಎನ್ನುತ್ತ ಎದೆ ಸೆಟೆಸಿಕೊಂಡು ಆಫೀಸಿಗೆ ಬಂದರು.

ಮ್ಯಾನೇಜರು ಆಗಲೇ ಹಾಸನಕ್ಕೆ ಫೋನು ಮಾಡಿ ಮುಗಿಸಿದ್ದರು.

"ಐದು ಜನಾನೂ ಕಳಿಸಿದ್ರೆ ಇಲ್ಲಿ ಬಾಗಿಲು ತೆಗೆಯೋರು ಯಾರು ಷಡಕ್ಷರಪ್ಪನೋರೆ? ಅದಕ್ಕೆ ಅವರ ವರ್ಗ ರದ್ದು ಮಾಡಿದಾರೆ. ಗೆಂಡೆಹಳ್ಳೀಲಿ ಹೊಸ ಕಂಪ್ಯೂಟರ್ ಬಂದು ಡಬ್ಬದಲ್ಲೇ ಕೂತಿದೆಯಂತೆ. ಅದನ್ನ ನಡೆಸೋಕೆ ಪಾಸಾದೋರೇ ಬೇಕಂತೆ. ಸೋಮವಾರ ನೀವು ಅಲ್ಲಿ ಹಾಜರಾಗಿ."

ಷಡಕ್ಷರಪ್ಪನವರು ಹಿಂದೆಯೇ ಬಂದು ನಿಂತಿದ್ದ ತಿಮ್ಮೇಶನ ಕಾಲರಿಗೆ ಕೈ ಹಾಕಿದರು. "ಕಳ್ ನನ್ಮಕ್ಕಳಾ, ಬೇಕಂತಲೇ ಫೇಲಾದ್ರೇನೋ?"

"ಹೂಂ ಸಾರ್. ಎಲ್ಲಾರೂ ಫೇಲಾದ್ರೆ ಯಾರ್ನ ಕಳಿಸ್ತಾರೆ ಅಂತ ರೈಲ್ನಾಗೆ ಮಾತಾಡ್ಕೊಂಡ್ವಿ. ನಿಮಗೂ ಹೇಳಕ್ಕೆ ಬಂದ್ರೆ ರೈಲಿಗೇ ಬೆಂಕಿ ಇಟ್ರಿ."

"ಚೀಟೀಲೂ ಅದನ್ನೇ ಬರ್ದಿದ್ದೆ ಸಾರ್," ಎಂದಳು ಹೇಮಲತಾ. ಅವಳಿಗೆ ನಿಜವಾಗಿಯೂ ಬೇಸರವಾಗಿತ್ತು.

ಷಡಕ್ಷರಪ್ಪನವರು ಕಾಲರು ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಕಂಪ್ಯೂಟರ್ ಸೆಂಟರಿಗೆ ಓಡಿದರು. ಮೇಲ್ವಿಚಾರಕ ಬೀಗ ಹಾಕುತ್ತಿದ್ದ.

"ತೆಗೀರಿ ಬಾಗ್ಲು! ಇನ್ನೊಂದ್ಸಲ ಬರೀತೀನಿ. ಈ ಸಲ ಒಂದೂ ಸರಿ ಬರೆಯಲ್ಲ. ಫೇಲ್ ಮಾಡ್ರೀ ನನ್ನ!"

ಮೇಲ್ವಿಚಾರಕ ಬೆಳಗ್ಗೆಯಿಂದ ತಿಂದ ಬೈಗುಳವನ್ನೆಲ್ಲ ಮರೆತು ಕೈ ಕುಲುಕಿದ.

"ಪಾಸಾದೋರು ಮತ್ತೆ ಬರೆಯಂಗಿಲ್ಲ ಸಾರ್. ಸರ್ಟಿಫಿಕೇಟಿಗೆ ಮೂರು ವರ್ಷ ಆಯಸ್ಸು, ಅಲ್ಲೀವರೆಗೆ ನಿಮ್ಮನ್ನ ಯಾರೂ ಫೇಲ್ ಮಾಡಕ್ಕಾಗಲ್ಲ. ಧೈರ್ಯವಾಗಿ ಮನೆಗೆ ಹೋಗಿ."