ನಾಳೆರಾಯನ ಎಲೆಕೋಸು ಪಾಠ

ಆ ದಿನ ನಾಳೆರಾಯ ಎಲ್ಲರಿಗಿಂತ ಮೊದಲು ಎದ್ದು ಹೊಲಕ್ಕೆ ಹೋದದ್ದೇ ಎಲ್ಲ ಎಡವಟ್ಟಿಗೂ ಮೂಲ. ಎಂದಿನಂತೆ ಮುಸುಕೆಳೆದು ಮಲಗಿದ್ದರೆ ನಾನು ಈ ಕತೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಅವನ ನಿಜವಾದ ಹೆಸರು ಕೇಳಿದರೆ ಅವನ ಹೆಂಡತಿಯೂ ಒಂದು ಕ್ಷಣ ತಡವರಿಸುತ್ತಾಳೆ. ಯಾವ ಕೆಲಸ ಹೇಳಿದರೂ 'ನಾಳೆ ಮಾಡಿದ್ರಾಯ್ತು' ಅನ್ನುತ್ತಿದ್ದವನಿಗೆ ಊರು ಕೊಟ್ಟ ಹೆಸರು ನಾಳೆರಾಯ. ಅವನ ಎಲೆಕೋಸಿನ ಸಾಲುಗಳ ನಡುವೆ ಸಾಸಿವೆ ಗಿಡಗಳು ಮೊಣಕಾಲುದ್ದ ಬೆಳೆದಿದ್ದವು. ಹಿಂದಿನ ಬೆಳೆಯ ಸಾಸಿವೆಯನ್ನು ಅಲ್ಲೇ ಬಡಿದಾಗ ಚೆಲ್ಲಿದ ಕಾಳು ತಾನಾಗಿ ಹುಟ್ಟಿಕೊಂಡಿತ್ತು. "ಕಿತ್ತು ಹಾಕ್ರೀ ಅದನ್ನ, ನೋಡಿದವರು ನಗ್ತಾರೆ" ಎಂದು ಹೇಳಿ ಹೇಳಿ ಹೆಂಡತಿಯ ಬಾಯಿ ಒಣಗಿತ್ತು.

ಆದರೆ ಅವತ್ತು ಹೊಲ ಸುತ್ತುವ ದಿನ. ಆ ಊರಿನ ಸಣ್ಣ ರೈತರೆಲ್ಲ ಬೆಳೆಗೊಮ್ಮೆ ಒಟ್ಟಾಗಿ ಪ್ರತಿ ಹೊಲವನ್ನೂ ನೋಡುತ್ತಾರೆ. ಯಾರ ಬೆಳೆ ಚೆನ್ನಾಗಿದೆಯೋ ಅವರು ಬದುವಿನ ಮೇಲೆ ನಿಂತು ತಾವು ಏನು ಮಾಡಿದೆವು ಎಂದು ಹೇಳಬೇಕು, ಉಳಿದವರು ಕೆಳಗೆ ಕೂತು ಕೇಳಬೇಕು. ಮುಚ್ಚಿಡುವ ಹಾಗಿಲ್ಲ, ನಡುವೆ ಬಾಯಿ ಹಾಕುವ ಹಾಗೂ ಇಲ್ಲ. ಪ್ರತಿ ಸಲ ಬದು ಹತ್ತುತ್ತಿದ್ದವನು ನಾಳೆರಾಯನ ಹೆಂಡತಿಯ ತಮ್ಮ. ಅವನನ್ನು ಎಲ್ಲರೂ ಪಂಡಿತ ಎಂದೇ ಕರೆಯುತ್ತಿದ್ದರು. ನಾಳೆರಾಯನ ಹೊಲದ ಮುಂದೆ ಜನ ನಿಲ್ಲುತ್ತಿದ್ದದ್ದು, ಹೇಗೆ ಬೇಸಾಯ ಮಾಡಬಾರದು ಎಂದು ತೋರಿಸಲು ಮಾತ್ರ. ಜನ್ಮದಲ್ಲಿ ಒಂದು ಸಲ, ಒಂದೇ ಒಂದು ಸಲ, ಹೆಂಡತಿಯ ಎದುರು ಆ ಬದುವಿನ ಮೇಲೆ ನಿಲ್ಲಬೇಕು ಎಂಬ ಆಸೆ ಅವನನ್ನು ಕೊರೆಯುತ್ತಿತ್ತು.

ಅದಕ್ಕೇ ನಸುಕಿನಲ್ಲೇ ಹೋಗಿ, ಅರೆನಿದ್ದೆಯಲ್ಲೇ ಒಂದೂ ಬಿಡದೆ ಸಾಸಿವೆ ಕಿತ್ತು ಹೊಲದ ಅಂಚಿಗೆ ರಾಶಿ ಹಾಕಿದ.

ಬಿಸಿಲೇರುವ ಹೊತ್ತಿಗೆ ಜನ ಬಂದರು. ಎಲ್ಲರ ಮುಖವೂ ಇಳಿದಿತ್ತು. ಈ ಸಲ ಊರಿನ ಎಲೆಕೋಸನ್ನೆಲ್ಲ ಹಸಿರು ಹುಳ ಜರಡಿ ಮಾಡಿತ್ತು. ಪಂಡಿತನ ಹೊಲವೂ ಉಳಿದಿರಲಿಲ್ಲ. "ನಮ್ಮ ಭಾವನ ಹೊಲ ನೋಡೋದೇನಿದೆ, ಸುಮ್ನೆ ಕಾಲು ನೋವು" ಎನ್ನುತ್ತಲೇ ಬಂದ ಪಂಡಿತ, ಹೊಲ ಕಂಡವನೇ ಗಕ್ಕನೆ ನಿಂತ.

ಸಾಲು ಸಾಲು ಎಲೆಕೋಸು, ದುಂಡಗೆ, ಒಂದು ತೂತಿಲ್ಲದೆ ಕೂತಿದ್ದವು.

"ಭಾವ, ಇದು ನಿಮ್ಮದೇ ಹೊಲಾನಾ?"

"ಮತ್ತೆ ನಿಮ್ಮಪ್ಪಂದಾ?" ಎಂದ ನಾಳೆರಾಯ. ಅವನಿಗೂ ಒಳಗೊಳಗೇ ಆಶ್ಚರ್ಯ.

"ಹತ್ತಪ್ಪಾ ಬದು, ಹತ್ತು!" ಎಂದು ಜನ ಅವನನ್ನು ನೂಕಿಯೇ ಹತ್ತಿಸಿದರು. ಹತ್ತಿದ ಮೇಲೆ ಗೊತ್ತಾಯಿತು, ಹೇಳಲು ಏನೂ ಇಲ್ಲ ಅಂತ. ಕೆಳಗೆ ಹೆಂಡತಿ ಕಣ್ಣರಳಿಸಿ ನೋಡುತ್ತಿದ್ದಳು.

"ಮೊದಲನೇದಾಗಿ," ಎಂದು ಶುರುಮಾಡಿದ, "ಗಿಡಕ್ಕೆ ಬೈಬಾರದು."

ಜನ ತಲೆಯಾಡಿಸಿದರು.

"ಎರಡನೇದು, ಬೆಳಿಗ್ಗೆ ಬೇಗ ಹೊಲಕ್ಕೆ ಬರಬಾರದು. ನಮ್ಮ ಸದ್ದಿಗೆ ಹುಳಕ್ಕೆ ಎಚ್ಚರ ಆಗುತ್ತೆ."

ಹೆಂಡತಿಗೆ ಜೋರಾಗಿ ಕೆಮ್ಮು ಬಂತು.

"ಹುಳ ನಿದ್ದೆ ಮಾಡುತ್ತಾ ಭಾವ?" ಎಂದ ಪಂಡಿತ.

"ಶ್! ಹೇಳೋವಾಗ ಬಾಯಿ ಹಾಕ್ಬೇಡ" ಎಂದು ನಾಲ್ಕು ಜನ ಅವನ ಮೇಲೆ ಬಿದ್ದರು. ನಾಳೆರಾಯನಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಅಷ್ಟರಲ್ಲಿ ದೊಡ್ಡಮ್ಮ ಕಿರುಚಿದಳು. ಊರಿಗೆಲ್ಲ ದೊಡ್ಡಮ್ಮನಾದ ಆ ಮುದುಕಿ ಮೆತ್ತಗಿದೆಯೆಂದು ಸಾಸಿವೆ ರಾಶಿಯ ಮೇಲೆಯೇ ಕೂತಿದ್ದಳು. ಸೀರೆಯ ತುಂಬ ಹುಳ! ಕೊಡವಿಕೊಂಡು ಎದ್ದವಳು ಒಂದು ಗಿಡ ಎತ್ತಿ ನೋಡಿದಳು. ಎಲೆಯೆಲ್ಲ ತೂತು.

"ಅಯ್ಯೋ ನಿನ್ನ! ಹುಳಕ್ಕೆ ಎಲೆಕೋಸಿಗಿಂತ ಸಾಸಿವೆ ಇಷ್ಟ. ಅದಕ್ಕೇ ನಡುನಡುವೆ ಸಾಸಿವೆ ಬಿತ್ತಿ ಊಟಕ್ಕೆ ಕೂರಿಸಿದ್ಯಾ? ಎಂಥಾ ತಲೆ ಕಣೋ ನಿಂದು!"

ನಾಳೆರಾಯನಿಗೂ ಇದು ಹೊಸ ಸುದ್ದಿ. ಆದರೂ ಗಂಭೀರವಾಗಿ ಹೇಳಿದ: "ಅದನ್ನ ಕೊನೇಲಿ ಹೇಳೋಣ ಅಂತಿದ್ದೆ ದೊಡ್ಡಮ್ಮ."

ಮುಗಿಯಿತು! ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಒಬ್ಬೊಬ್ಬರೂ ತಮ್ಮ ಹೊಲಕ್ಕೆ ಎಳೆದೊಯ್ದರು. ಎಷ್ಟು ಸಾಲಿಗೆ ಒಂದು ಸಾಲು ಸಾಸಿವೆ, ಮೊದಲು ಬಿತ್ತಬೇಕೋ ಆಮೇಲೋ ಎಂದು ಕೇಳಿದರು. ಅವನು ಗಲ್ಲ ಕೆರೆದುಕೊಂಡು ಎಲ್ಲದಕ್ಕೂ ಉತ್ತರ ಕೊಟ್ಟ. ಆಶ್ಚರ್ಯವೆಂದರೆ ಮುಕ್ಕಾಲು ಪಾಲು ಸರಿಯಾಗಿಯೇ ಇತ್ತು. ಪಂಡಿತನೇ ಅವನಿಗೆ ಕೊಡೆ ಹಿಡಿದು ನಡೆದ.

ಇಳಿಹೊತ್ತಿಗೆ ಹೆಂಡತಿ ಏದುಸಿರು ಬಿಡುತ್ತ ಬಂದಳು. "ರೀ, ಬೇಗ ಬನ್ನಿ!"

ಗುರು ಹೊರಟ ಮೇಲೆ ಶಿಷ್ಯರು ಬಿಡುತ್ತಾರೆಯೇ? ಎಲ್ಲರೂ ಹಿಂದೆಯೇ ಬಂದರು. ಕಿತ್ತ ಸಾಸಿವೆ ಬಿಸಿಲಿಗೆ ಬಾಡಿ ಒಣಗಿತ್ತು. ಹಸಿದ ಹುಳಗಳು ಸಾಲುಗಟ್ಟಿ ಎಲೆಕೋಸಿಗೆ ಹತ್ತಿ, ಅಂಚಿನ ಸಾಲುಗಳನ್ನು ಆಗಲೇ ಕರಕರ ಮೇಯುತ್ತಿದ್ದವು.

"ಭಾವ," ಎಂದ ಪಂಡಿತ ತಲೆ ಕೆರೆದುಕೊಂಡು, "ಅಷ್ಟೆಲ್ಲ ಗೊತ್ತಿದ್ದೂ ಸಾಸಿವೆ ಕಿತ್ತಿದ್ದು ಯಾಕೆ?"

ಹೆಂಡತಿ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು: "ಗೊತ್ತಿಲ್ಲದೆ ಕಿತ್ತೆ ಅಂತ ನಿಜ ಹೇಳ್ಬಿಡ್ರೀ. ಇಷ್ಟು ಜನ ಇದ್ದಾರೆ. ಎಲ್ಲರೂ ಕೈ ಹಾಕಿದ್ರೆ ಕತ್ತಲಾಗೋದ್ರೊಳಗೆ ಒಂದು ಹುಳಾನೂ ಉಳಿಯಲ್ಲ. ಬೆಳೆ ಉಳಿಯುತ್ತೆ."

ನಾಳೆರಾಯ ಬಾಯಿ ತೆರೆದ. ಅಷ್ಟರಲ್ಲಿ ದೊಡ್ಡಮ್ಮ ಚಪ್ಪಾಳೆ ತಟ್ಟಿದಳು.

"ನನಗೆ ಗೊತ್ತಾಯ್ತು ಬಿಡ್ರೋ! ಸಾಸಿವೆ ಇಲ್ದಿದ್ರೆ ಏನಾಗುತ್ತೆ ಅಂತ ನಮಗೆ ಕಣ್ಣಾರೆ ತೋರಿಸೋಕೆ ತನ್ನ ಬೆಳೆನೇ ಕೊಟ್ಟುಬಿಟ್ಟಿದ್ದಾನೆ!"

ಪಂಡಿತನ ಕಣ್ಣು ಒದ್ದೆಯಾಯಿತು. "ಭಾವ, ನಾನಾಗಿದ್ರೆ ಒಂದು ಕೋಸನ್ನೂ ಬಿಟ್ಟುಕೊಡ್ತಿರಲಿಲ್ಲ. ನಿಮ್ಮನ್ನ ಇಷ್ಟು ದಿನ ಆಡಿಕೊಂಡೆನಲ್ಲ" ಎಂದು ಕೈಮುಗಿದ.

ಪಂಡಿತ ಕೈಮುಗಿದ! ನಾಳೆರಾಯ ಒಮ್ಮೆ ಎಲೆಕೋಸು ನೋಡಿದ, ಒಮ್ಮೆ ಆ ಜೋಡಿಸಿದ ಕೈಗಳನ್ನು ನೋಡಿದ. ಹೆಂಡತಿ ಅವನ ಅಂಗಿ ಹಿಡಿದು ಜಗ್ಗಿದಳು. ಅವನು ಅಂಗಿ ಬಿಡಿಸಿಕೊಂಡು ಸರಸರನೆ ಬದು ಹತ್ತಿದ.

"ಕಲಿಸೋದು ಅಂದ್ರೆ ಪೂರ್ತಿ ಕಲಿಸಬೇಕು!" ಎಂದು ಎದೆಯುಬ್ಬಿಸಿ ಕೂಗಿದ.

ಚಪ್ಪಾಳೆಯ ಸದ್ದಿಗೆ ಕಾಗೆಗಳೆಲ್ಲ ಹಾರಿದವು. ಹೊಲವನ್ನು ಹಾಗೇ ಬಿಡುವುದು, ಸುತ್ತಲಿನ ಊರುಗಳವರನ್ನೂ ಕರೆದು ತೋರಿಸುವುದು ಎಂದು ಅಲ್ಲೇ ತೀರ್ಮಾನವಾಯಿತು. ಹೆಂಡತಿ ಹಣೆ ಚಚ್ಚಿಕೊಂಡು ಮನೆಯತ್ತ ನಡೆದಳು.

ಎಲ್ಲರೂ ಮಾತಿನಲ್ಲಿ ಮುಳುಗಿದ್ದಾಗ ನಾಳೆರಾಯ ಮೆಲ್ಲಗೆ ಇಳಿದು, ಎಲ್ಲಕ್ಕಿಂತ ದಪ್ಪನೆಯ ಕೋಸಿನ ಮೇಲಿದ್ದ ಹುಳವೊಂದನ್ನು ಎರಡು ಬೆರಳಲ್ಲಿ ಎತ್ತಿದ.

ಹಿಂದಿನಿಂದ ಬಂದ ಪಂಡಿತ ಅದನ್ನು ಅವನ ಬೆರಳಿಂದ ಮೃದುವಾಗಿ ಬಿಡಿಸಿ, ಮತ್ತೆ ಕೋಸಿನ ಮೇಲೇ ಕೂರಿಸಿದ.

"ಬೇಡಿ ಭಾವ, ಪಾಠಕ್ಕೆ ಬೇಕು."